ದಾದಿಯರನ್ನು ಮನೆಬಾಗಿಲಿಗೆ ಕಳುಹಿಸಿದ ಸಿಸಿಲಿ ವಿಲಿಯಮ್ಸ್

ಮಲ್ಲಂದೂರು ಸೇರಿದಂತೆ ಕಾಫಿ ಸೀಮೆಯ ಊರುಗಳಲ್ಲಿ, ಆಸ್ಪತ್ರೆಯಲ್ಲಿ ಹೆತ್ತ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ ಹೋಗಬೇಕೆಂಬುದು ನಿಯಮ. ಮಗು ಸರಿಯಾಗಿ ಎದೆಹಾಲು ಕುಡಿಯುತ್ತಿದೆಯೇ ಎಂದು ನೋಡುವುದೂ ಆಕೆಯ ಹೊಣೆ. ಅದಕ್ಕೆಂದೇ ಆಕೆಗೆ ತರಬೇತಿಯೂ ಉಂಟು. ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ಇಂಥ ಮನೆಭೇಟಿಗೆ ದಾದಿಯರನ್ನು ಸಜ್ಜುಗೊಳಿಸಿದವರಲ್ಲಿ ಡಾ. ಸಿಸಿಲಿ ವಿಲಿಯಮ್ಸ್ ಪ್ರಮುಖರು.

1893ರಲ್ಲಿ ಜಮೈಕಾದಲ್ಲಿ ಜನಿಸಿದ ಸಿಸಿಲಿ, ಆಕ್ಸ್‌ಫರ್ಡ್‌ನಲ್ಲಿ ವೈದ್ಯಶಿಕ್ಷಣ ಪಡೆದರು. ಮೊದಲ ಮಹಾಯುದ್ಧದಿಂದಾಗಿ ಪುರುಷ ವಿದ್ಯಾರ್ಥಿಗಳ ಕೊರತೆ ಉಂಟಾಗಿದ್ದರಿಂದಲೇ ಮಹಿಳೆಯರಿಗೆ ಆ ಬಾಗಿಲು ತೆರೆದಿತ್ತು. 1929ರಲ್ಲಿ ಅವರು ಇಂದಿನ ಘಾನಾಕ್ಕೆ ತೆರಳಿದರು. ಅಲ್ಲಿ ಮೈ ಊದಿ, ಚರ್ಮ ಸುಲಿದು ಸಾಯುತ್ತಿದ್ದ ಕಂದಮ್ಮಗಳನ್ನು ಕಂಡರು. ಕಾಯಿಲೆಯ ಹೆಸರೇನೆಂದು ಸ್ಥಳೀಯ ಮಹಿಳೆಯರನ್ನೇ ವಿಚಾರಿಸಿದ್ದು ಅವರ ಹಿರಿಮೆ. 'ಕ್ವಾಷಿಯೋರ್ಕರ್' ಎಂಬ ಆ ಹೆಸರಿನಲ್ಲಿಯೇ ಕಾರಣವೂ ಅಡಗಿತ್ತು: ಮುಂದಿನ ಮಗು ಹುಟ್ಟಿದಾಗ ಎದೆಹಾಲು ತಪ್ಪಿದ ಹಿರಿಯ ಮಗುವಿಗೆ ಬರುವ ಕಾಯಿಲೆ. ಹಾಲಿನ ಬದಲಿಗೆ ಸಿಗುತ್ತಿದ್ದುದು ಮೆಕ್ಕೆಜೋಳದ ಗಂಜಿ ಮಾತ್ರ. 1933ರಲ್ಲಿ ಅವರು ಇದನ್ನು ವೈದ್ಯಲೋಕದ ಮುಂದಿಟ್ಟರು.

1936ರಲ್ಲಿ ಮಲಯಾಕ್ಕೆ ವರ್ಗಾವಣೆಯಾಯಿತು. ಅಲ್ಲಿ ಕಂಡದ್ದು ಬೇರೆಯೇ ಚಿತ್ರ. ಸಕ್ಕರೆ ಬೆರೆಸಿದ ಡಬ್ಬಿಹಾಲಿನ ಕಂಪನಿಗಳು ದಾದಿಯರ ಉಡುಪು ತೊಡಿಸಿದ ಮಹಿಳೆಯರನ್ನು ಬಾಣಂತಿಯರ ಬಳಿಗೆ ಕಳುಹಿಸುತ್ತಿದ್ದವು. ಬಿಳಿಯುಡುಪಿನವರಲ್ಲಿ ದಾದಿ ಯಾರು, ವ್ಯಾಪಾರಿ ಯಾರು ಎಂದು ತಿಳಿಯುವ ಬಗೆಯಾದರೂ ಆ ತಾಯಂದಿರಿಗೆ ಏನಿತ್ತು? ಎದೆಹಾಲು ಬತ್ತಿದ ಮೇಲೆ ಡಬ್ಬಿಯೇ ಗತಿ. 1939ರಲ್ಲಿ ಸಿಂಗಾಪುರದ ರೋಟರಿ ಕ್ಲಬ್‌ನಲ್ಲಿ ಮಾಡಿದ ಭಾಷಣಕ್ಕೆ ಸಿಸಿಲಿ ಇಟ್ಟ ಶೀರ್ಷಿಕೆ 'ಹಾಲು ಮತ್ತು ಕೊಲೆ'. ಹಾಲಿನ ವ್ಯಾಪಾರಕ್ಕೆ ಕೊಲೆಯ ಆರೋಪ ಹೊರಿಸುವುದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ.

1942ರಲ್ಲಿ ಸಿಂಗಾಪುರ ಜಪಾನೀಯರ ವಶವಾಯಿತು. ಸಿಸಿಲಿ ಚಾಂಗಿ ಸೆರೆಮನೆ ಸೇರಿದರು. ಕೆಲವು ತಿಂಗಳು ಮಿಲಿಟರಿ ಪೊಲೀಸರ ಚಿತ್ರಹಿಂಸೆಯ ತಾಣದಲ್ಲೂ ಇದ್ದರು. ಅರೆಹೊಟ್ಟೆಯ ಆ ಶಿಬಿರದಲ್ಲಿ 20 ಶಿಶುಗಳು ಜನಿಸಿದವು. ಇಪ್ಪತ್ತಕ್ಕೂ ಎದೆಹಾಲೇ ಆಹಾರ. ಇಪ್ಪತ್ತೂ ಬದುಕುಳಿದವು. ಬಡಕಲು ತಾಯಿಗೆ ಹಾಲು ಬರದೆಂಬ ವಾದಕ್ಕೆ ಅವರು ಮುಂದೆ ಈ ಲೆಕ್ಕವನ್ನೇ ಒಡ್ಡುತ್ತಿದ್ದರು.

1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ-ಮಗು ಆರೋಗ್ಯ ವಿಭಾಗಕ್ಕೆ ಅವರೇ ಮೊದಲ ಮುಖ್ಯಸ್ಥೆಯಾದರು. ಬಳಿಕ ಬೈರೂತ್‌ನಲ್ಲಿ ಅಧ್ಯಾಪನ ನಡೆಸಿದರು. ಶಿಶು ಆಹಾರದ ಮಾರಾಟಕ್ಕೆ 1981ರಲ್ಲಿ ಅಂತಾರಾಷ್ಟ್ರೀಯ ಸಂಹಿತೆ ರೂಪುಗೊಂಡಾಗ ಅವರಿಗೆ 87 ವರ್ಷ.

ಸಿಸಿಲಿ ನಿಧನರಾದದ್ದು 1992ರ ಜುಲೈನಲ್ಲಿ. ಅದೇ ವರ್ಷದ ಕೊನೆಯಲ್ಲಿ ಭಾರತ ಶಿಶುಹಾಲು ಬದಲಿಗಳ ಕಾಯ್ದೆ ತಂದು, ಕಂಪನಿಗಳು ಆರೋಗ್ಯ ಕಾರ್ಯಕರ್ತರಿಗೆ ಉಡುಗೊರೆ ನೀಡುವುದನ್ನು ನಿಷೇಧಿಸಿತು. ದಾದಿಯರು ಹಾಗೂ ಆಶಾ ಕಾರ್ಯಕರ್ತೆಯರಿಗೆ ಎದೆಹಾಲುಣಿಸುವಿಕೆಯ ತರಬೇತಿ ನೀಡುವ ಕೇಂದ್ರದ 'ಮಾ' ಕಾರ್ಯಕ್ರಮ ಆರಂಭವಾಗಲು 2016ರವರೆಗೆ ಕಾಯಬೇಕಾಯಿತು.