ಕೆಲಸ ಹೋದ ಮೇಲೆ ಸಲೀಂ ಅಲಿ ನೋಡಿದ ಹಕ್ಕಿಗಳು

ಪುಣೆಯ ಯೆರವಡಾ ಎಂದರೆ ಊರಿನವರಿಗೆ ನೆನಪಾಗುವುದು ಜೈಲು. ಇಲ್ಲಿ ದುಡಿಯುವ ನಮ್ಮಂಥವರಿಗೆ ಐಟಿ ಪಾರ್ಕು. ಇವೆರಡರ ಆಚೆ, ಮುಳಾ-ಮುಠಾ ನದಿಯ ದಡದಲ್ಲಿ ಡಾ. ಸಲೀಂ ಅಲಿ ಅವರ ಹೆಸರಿನ ಹಸಿರು ಜಾಗವೊಂದಿದೆ. ಜನ ಅದನ್ನು ಪಕ್ಷಿಧಾಮ ಎಂದೇ ಕರೆಯುತ್ತಾರೆ. ರಜೆಯ ಬೆಳಿಗ್ಗೆ ಉದ್ದದ ಲೆನ್ಸು ಹೊತ್ತು ಬರುವವರಿಗೆ ತಂತಿಯ ಮೇಲೆ ಕೂತ ನೀಲಕಂಠ ಸಿಕ್ಕರೆ ‘ಬ್ಲೂ ಜೇ’ ಸಿಕ್ಕಿತು ಎಂದು ಹಿಗ್ಗುತ್ತಾರೆ. ಆ ಹೆಸರು ಬ್ರಿಟಿಷರ ಕಾಲದ ತಪ್ಪು. ನಿಜವಾದ ಬ್ಲೂ ಜೇ ಅಮೆರಿಕದ್ದು, ಕಾಗೆಯ ಬಳಗದ್ದು. ನಮ್ಮದು ಮಿಂಚುಳ್ಳಿಗೆ ಹತ್ತಿರದ ನೆಂಟ, ಕರ್ನಾಟಕದ ರಾಜ್ಯಪಕ್ಷಿ. ನೀಲಕಂಠ ಎಂಬ ಹೆಸರೂ ಪೂರ್ತಿ ಸರಿಯಲ್ಲ ಬಿಡಿ, ಅದರ ಕತ್ತು ಕಂದು. ನೀಲಿ ಇರುವುದು ರೆಕ್ಕೆಯಲ್ಲಿ, ಅದೂ ಹಾರಿದಾಗ ಮಾತ್ರ ಪೂರ್ತಿ ಕಾಣುತ್ತದೆ.

ಹೆಸರಿನ ಇಂಥ ಗೊಂದಲದಿಂದಲೇ ಸಲೀಂ ಅಲಿಯವರ ಬದುಕೂ ತಿರುವು ಪಡೆಯಿತು. 1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಹತ್ತು ಮಕ್ಕಳಲ್ಲಿ ಕೊನೆಯವರು. ಮೂರು ವರ್ಷ ತುಂಬುವ ಹೊತ್ತಿಗೆ ತಂದೆ, ತಾಯಿ ಇಬ್ಬರೂ ಇರಲಿಲ್ಲ. ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಸಾಕಿದರು. ಹುಡುಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯೊಂದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಗುಬ್ಬಿ ಎಂದು ಮಾವನಿಗೂ ಗೊತ್ತಾಗದೆ, ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಕಾರ್ಯದರ್ಶಿ ಮಿಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಅಲ್ಲಿ ಜೋಡಿಸಿಟ್ಟಿದ್ದ ಹಕ್ಕಿಗಳ ಸಂಗ್ರಹವನ್ನೂ ತೋರಿಸಿದರು.

ಆದರೆ ಮುಂದಿನ ದಾರಿ ನೇರವಾಗಿರಲಿಲ್ಲ. ಕಾಲೇಜು ಅರ್ಧಕ್ಕೇ ನಿಂತಿತು. ಬರ್ಮಾದ ತವಾಯ್‌ನಲ್ಲಿ ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಹೋದರು. ಅಲ್ಲಿ ವ್ಯಾಪಾರಕ್ಕಿಂತ ಕಾಡು ಸುತ್ತಿದ್ದೇ ಹೆಚ್ಚು. ವಾಪಸ್ ಬಂದು ಲೆಕ್ಕಪತ್ರದ ಜೊತೆಗೆ ಪ್ರಾಣಿಶಾಸ್ತ್ರ ಕಲಿತರು. 1918ರಲ್ಲಿ ತೆಹಮಿನಾ ಅವರನ್ನು ಮದುವೆಯಾದರು. ವಿಶ್ವವಿದ್ಯಾಲಯದ ಡಿಗ್ರಿ ಇಲ್ಲ ಎಂಬ ಕಾರಣಕ್ಕೆ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯಲ್ಲಿ ಪಕ್ಷಿತಜ್ಞನ ಹುದ್ದೆ ಸಿಗಲಿಲ್ಲ. ರೆಸ್ಯೂಮೆಯ ಮೊದಲ ಸಾಲಿಗೇ ಜರಡಿ ಹಿಡಿಯುವ ಪದ್ಧತಿ ನಮ್ಮ ಕಾಲದ್ದಷ್ಟೇ ಅಲ್ಲ ನೋಡಿ. 1926ರಲ್ಲಿ ಮುಂಬೈ ವಸ್ತುಸಂಗ್ರಹಾಲಯದಲ್ಲಿ ತಿಂಗಳಿಗೆ 350 ರೂಪಾಯಿಯ ಕೆಲಸ ಸಿಕ್ಕಿತು. ಎರಡು ವರ್ಷದ ನಂತರ ರಜೆ ಹಾಕಿ ಬರ್ಲಿನ್‌ಗೆ ಹೋಗಿ, ಸ್ಟ್ರೆಸೆಮನ್ ಎಂಬ ದೊಡ್ಡ ಪಕ್ಷಿವಿಜ್ಞಾನಿಯ ಬಳಿ ಕಲಿತರು. 1930ರಲ್ಲಿ ಮರಳಿದಾಗ ಹುದ್ದೆಯೇ ಇರಲಿಲ್ಲ. ದುಡ್ಡಿಲ್ಲವೆಂದು ಅದನ್ನು ರದ್ದು ಮಾಡಿದ್ದರು.

ವಯಸ್ಸು ಮೂವತ್ತನಾಲ್ಕರ ಹತ್ತಿರ, ಸಂಬಳ ಇಲ್ಲ. ಗಂಡ ಹೆಂಡತಿ ಇಬ್ಬರೂ ಅಲಿಬಾಗ್ ಬಳಿಯ ಕಿಹೀಂ ಎಂಬ ಕಡಲತಡಿಯ ಹಳ್ಳಿಗೆ ಹೋದರು. ಮನೆಯ ಹತ್ತಿರವೇ ಗೀಜಗನ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ನಮ್ಮ ಹೊಲ, ಬಾವಿಯ ಮೇಲೆಲ್ಲ ಜೋತಾಡುತ್ತಿದ್ದ ಅದೇ ಗೀಜಗ, ಯಾರೂ ಎರಡನೇ ಸಲ ತಿರುಗಿ ನೋಡದ್ದು. ಸಲೀಂ ಅಲಿ ಆ ಮಳೆಗಾಲವನ್ನು ಅವುಗಳ ಮುಂದೆ ಕೂತು ಕಳೆದರು. ಗಂಡು ಅರ್ಧ ಗೂಡು ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಮಾತ್ರ ಗಂಡು ಗೂಡನ್ನು ಮುಗಿಸುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತ ಮೇಲೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಶುರುಮಾಡಿ, ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಅವರಿಗೆ ಹೆಸರು ತಂದುಕೊಟ್ಟದ್ದು ಈ ಅಧ್ಯಯನ. ಒಂದು ಫೋಟೋದಲ್ಲಿ ಇದು ಸಿಗುವಂಥದ್ದಲ್ಲ. ಒಂದೇ ಗೂಡಿನ ಬಳಿ ದಿನವೂ ಹೋಗಿ ಬರೆದುಕೊಂಡವರಿಗೆ ಮಾತ್ರ ಗೊತ್ತಾಗುತ್ತದೆ.

ಕೆಲಸ ಹುಡುಕಲು ಅವರು ಕಂಡುಕೊಂಡ ಉಪಾಯವೂ ವಿಚಿತ್ರ. ಶಿಬಿರದ ಖರ್ಚು ಕೊಟ್ಟರೆ ಸಾಕು, ಸಂಬಳವಿಲ್ಲದೆ ನಿಮ್ಮ ಸೀಮೆಯ ಹಕ್ಕಿಗಳನ್ನು ದಾಖಲಿಸುತ್ತೇನೆ ಎಂದು ಸಂಸ್ಥಾನಗಳಿಗೆ ತಿಳಿಸಿದರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಒಂದಾದ ಮೇಲೊಂದು ಒಪ್ಪಿದವು. ಮನೆಯ ಸೌಕರ್ಯ ಬಿಟ್ಟು ತೆಹಮಿನಾ ಗುಡಾರದ ಬದುಕಿಗೆ ಹೊಂದಿಕೊಂಡರು.

1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ ತೆಹಮಿನಾ ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ತಂಗಲು ಅಕ್ಕ ಕಮ್ಮೂ ಅವರ ಮನೆಗೆ ಹೋದರು. ಅದೇ ವರ್ಷ ಶುರುವಾದದ್ದು ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ. ನಮ್ಮ ನಾಡಿನ ಹಕ್ಕಿಗಳ ಆ ಪಟ್ಟಿ ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ಒಬ್ಬನೇ ಗುಡಾರದಲ್ಲಿ ಕೂತು ಬರೆದದ್ದು ಎಂದು ನೆನೆದರೆ ಅದನ್ನು ಬರೀ ಪಟ್ಟಿಯೆಂದು ಓದಲಾಗುವುದಿಲ್ಲ. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಗಳನ್ನು ಕಾಪಾಡಬೇಕೆಂದು ಮೈಸೂರು ಅರಸರ ಮನವೊಲಿಸಿದವರೂ ಅವರೇ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ದಸರೆಗೆ ಊರಿಗೆ ಹೋದಾಗ ಮಕ್ಕಳನ್ನು ಅಲ್ಲಿ ದೋಣಿ ಹತ್ತಿಸುವ ನಮಗೆ ಇದು ತಿಳಿದಿರಬೇಕಾದ ಸಂಗತಿ.

1941ರಲ್ಲಿ ಭಾರತೀಯ ಹಕ್ಕಿಗಳ ಬಗ್ಗೆ ಅವರ ಜನಪ್ರಿಯ ಪುಸ್ತಕ ಬಂತು. ಡಿಲ್ಲನ್ ರಿಪ್ಲಿ ಜೊತೆಗೆ ಬರೆದ ಹತ್ತು ಸಂಪುಟಗಳ ಕೈಪಿಡಿ 1974ಕ್ಕೆ ಮುಗಿಯಿತು. ಪದ್ಮ ವಿಭೂಷಣ, ರಾಜ್ಯಸಭೆ ಎಲ್ಲ ಬಂದವು. ಮೋಟಾರ್‌ಸೈಕಲ್ಲಿನ ಹುಚ್ಚು ಎಷ್ಟಿತ್ತೆಂದರೆ, 1950ರಲ್ಲಿ ಸ್ವೀಡನ್ನಿನ ಪಕ್ಷಿವಿಜ್ಞಾನಿಗಳ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಗಾಡಿಯನ್ನೂ ಒಯ್ದಿದ್ದರು. 1976ರಲ್ಲಿ ಗೆಟ್ಟಿ ಪ್ರಶಸ್ತಿಯ 50,000 ಡಾಲರ್ ಬಂದಾಗ ಆ ಹಣದಿಂದ ಪ್ರಕೃತಿ ಸಂರಕ್ಷಣೆಯ ನಿಧಿ ಸ್ಥಾಪಿಸಿದರು.

1987ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ. ಯೆರವಡಾದ ಆ ಹಸಿರಿಗೆ ಹೋಗುವ ಕನ್ನಡಿಗರು ಕ್ಯಾಮೆರಾದ ಜೊತೆ ಒಂದು ಪುಟ್ಟ ನೋಟ್‌ಬುಕ್ಕನ್ನೂ ಒಯ್ಯಿರಿ. ನೀಲಕಂಠ ತಂತಿಯಿಂದ ನೆಲಕ್ಕಿಳಿದು ಏನು ಹಿಡಿಯಿತು, ಮತ್ತೆ ಅದೇ ಜಾಗಕ್ಕೆ ಬಂದು ಕೂತಿತೇ, ಗಂಟೆ ಎಷ್ಟಾಗಿತ್ತು ಎಂದು ಬರೆದುಕೊಳ್ಳಲು.