ಫೋರಿಯರ್ ಪಕ್ಕದ ಹೆಸರು: ಬಿಶಾ

ಐಫೆಲ್ ಟವರ್ ಮೇಲೆ 72 ಜನರ ಹೆಸರಿದೆ. ನಮಗೆ ಸೆಮಿಸ್ಟರ್‌ಗೊಮ್ಮೆ ಕಾಟ ಕೊಡುವ ಲಾಪ್ಲಾಸ್, ಕೊಲಂಬ್, ನೇವಿಯರ್, ಫೋರಿಯರ್ ಎಲ್ಲರೂ ಅಲ್ಲಿದ್ದಾರೆ. ಫೋರಿಯರ್ ಪಕ್ಕದಲ್ಲೇ ಇರೋ ಬಿಶಾ ಮಾತ್ರ ಹೆಣ ಕೊಯ್ದು ನೋಡುತ್ತಿದ್ದ ವೈದ್ಯ.

ಕ್ಸಾವಿಯೇ ಬಿಶಾ ಹುಟ್ಟಿದ್ದು 1771ರಲ್ಲಿ, ಫ್ರಾನ್ಸಿನ ತ್ವಾರೆಟ್ ಎಂಬ ಊರಲ್ಲಿ. ಅಪ್ಪನೂ ವೈದ್ಯರೇ. ಲಿಯೋನ್‌ನಲ್ಲಿ ಓದುತ್ತಿದ್ದಾಗ ಕ್ರಾಂತಿಯ ಗಲಾಟೆ ಜೋರಾಗಿ, 1793ರಲ್ಲಿ ಪ್ಯಾರಿಸ್‌ಗೆ ಬಂದ. ಅಲ್ಲಿ ಶಸ್ತ್ರವೈದ್ಯ ದೆಸೋ ಅವರ ತರಗತಿಯಲ್ಲಿ ಒಂದು ಪದ್ಧತಿ ಇತ್ತು: ಹಿಂದಿನ ದಿನದ ಪಾಠವನ್ನು ಒಬ್ಬ ವಿದ್ಯಾರ್ಥಿ ಎದ್ದು ಹೇಳಬೇಕು. ಒಂದಿನ ಹೇಳಬೇಕಾದವನೇ ಆಬ್ಸೆಂಟ್. ಗುಂಪಿನಲ್ಲಿದ್ದ ಬಿಶಾ ತಾನಾಗಿ ಎದ್ದು ಹೇಳಿದ. ದೆಸೋ ಅವನನ್ನು ಮನೆಗೇ ಕರೆದುಕೊಂಡು ಹೋಗಿ ಮಗನ ಹಾಗೆ ಇಟ್ಟುಕೊಂಡರು. 1795ರಲ್ಲಿ ಗುರುಗಳು ತೀರಿಕೊಂಡಾಗ ಅವರ ಬರಹಗಳನ್ನು ಹೊರತರುವ ಕೆಲಸವನ್ನೂ ಇವನೇ ಹೊತ್ತ.

ಆಮೇಲೆ ಅವನು ಮಾಡಿದ್ದು, ನಮ್ಮ ಭಾಷೆಯಲ್ಲಿ ಹೇಳೋದಾದರೆ, ಮೆಟೀರಿಯಲ್ ಟೆಸ್ಟಿಂಗ್. ದೇಹದ ಭಾಗಗಳನ್ನು ಬೇಯಿಸಿದ, ಒಣಗಿಸಿದ, ಕೊಳೆಸಿದ, ಆಸಿಡ್‌ನಲ್ಲಿ ಅದ್ದಿದ. ಒಂದೇ ಚಳಿಗಾಲದಲ್ಲಿ 600 ಹೆಣ ಕೊಯ್ದನಂತೆ. ಸೂಕ್ಷ್ಮದರ್ಶಕವನ್ನು ನಂಬದೆ, ಬರಿಗಣ್ಣಿನಲ್ಲೇ 21 ಬಗೆಯ ಅಂಗಾಂಶಗಳನ್ನು ಗುರುತಿಸಿದ. ತಿಪಟೂರು ಕಡೆಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ತೆಂಗಿನಕಾಯಿಯಲ್ಲಿ ಒಳಗಿನದು ಬತ್ತಿ ಕೊಬ್ಬರಿಯಾಗಿ ಲೊಟಲೊಟ ಅನ್ನುತ್ತೆ, ಕರಟ ಹಾಗೇ ಇರುತ್ತೆ. ಕಾಯಿ ಒಂದೇ, ವಸ್ತು ಬೇರೆ ಬೇರೆ. ರೋಗವೂ ಇಡೀ ಅಂಗಕ್ಕಲ್ಲ, ಅದರೊಳಗಿನ ಅಂಗಾಂಶಕ್ಕೆ ಬರುತ್ತೆ ಅನ್ನೋದು ಬಿಶಾನ ವಾದ. ನನ್ನ ಪ್ರಕಾರ ಅವನ ದೊಡ್ಡ ಕೆಲಸ ಇದೇ.

ಕೆನ್ನೆಯೊಳಗೆ ಒಂದು ಪುಟ್ಟ ಗಂಟಿದೆ. 1732ರಲ್ಲಿ ಹೈಸ್ಟರ್ ಅದನ್ನು ಗ್ರಂಥಿ ಅಂದುಕೊಂಡಿದ್ದರು. ಬಿಶಾ ಅದು ಬರೀ ಕೊಬ್ಬು ಅಂತ ತೋರಿಸಿದ. ಹಾಗಾಗಿ ಅದಕ್ಕೆ ಇವತ್ತಿಗೂ ಅವನದೇ ಹೆಸರು. 1802ರ ಜುಲೈನಲ್ಲಿ ಒತೆಲ್ ದಿಯೂ ಆಸ್ಪತ್ರೆಯ ಮೆಟ್ಟಿಲಲ್ಲಿ ಬಿದ್ದ. ಜ್ವರ ಏರಿ 22ರಂದು ಸತ್ತ. ದೆಸೋ ಅವರ ಹೆಂಡತಿಯೇ ಕೊನೆತನಕ ನೋಡಿಕೊಂಡರು. ವಯಸ್ಸು ಮೂವತ್ತು.

ಆ ಕೊಬ್ಬಿನ ಉಪಯೋಗ ಗೊತ್ತಾಗಲು ಮುಕ್ಕಾಲು ಪಾಲು ಇಪ್ಪತ್ತನೇ ಶತಮಾನವೂ ಕಳೆಯಬೇಕಾಯ್ತು. ಅಂಗುಳದ ಗೆಡ್ಡೆ ತೆಗೆದರೆ ಬಾಯಿಗೂ ಮೂಗಿಗೂ ನಡುವೆ ತೂತು ಉಳಿಯುತ್ತೆ. ಕುಡಿದ ನೀರು ಮೂಗಲ್ಲಿ ಬರುತ್ತೆ, 'ಪ' ಅಂದರೆ 'ಮ' ಥರ ಕೇಳುತ್ತೆ. 1977ರಲ್ಲಿ ಎಗ್ಯೆದಿ ಎಂಬ ಶಸ್ತ್ರವೈದ್ಯರು ಇಂಥ ತೂತುಗಳನ್ನು ಬಿಶಾನ ಕೊಬ್ಬಿನಿಂದ ಮುಚ್ಚಿದ್ದನ್ನು ವರದಿ ಮಾಡಿದರು. ಕೊಬ್ಬನ್ನು ಕತ್ತರಿಸಿ ತರಲ್ಲ. ರಕ್ತನಾಳದ ಸಮೇತ ಮೆಲ್ಲಗೆ ಎಳೆದು, ತೂತಿನ ಮೇಲೆ ಹಾಸಿ ಹೊಲಿಯುತ್ತಾರೆ. ಮುಖದ ಮೇಲೆ ಗಾಯ ಇಲ್ಲ. ಸಣಕಲು ಮನುಷ್ಯನಲ್ಲೂ ಅದು ಸುಮಾರು 10 ಮಿ.ಲೀ. ಇರುತ್ತೆ. 1986ರಲ್ಲಿ ಟೀಡೆಮನ್ ಮತ್ತು ಸಂಗಡಿಗರು ಅದರ ಮೇಲೆ ಚರ್ಮ ಅಂಟಿಸೋದೂ ಬೇಡ ಅಂತ ತೋರಿಸಿದರು: ಕೆಲವು ವಾರಗಳಲ್ಲಿ ಹಳದಿ ಕೊಬ್ಬಿನ ಮೇಲೆ ಬಾಯಿಯ ಒಳಪದರವೇ ಬೆಳೆದುಕೊಳ್ಳುತ್ತೆ. ತೂತು ತೀರಾ ದೊಡ್ಡದಾದರೆ ಮಾತ್ರ ಇಷ್ಟು ಕೊಬ್ಬು ಸಾಲದು. ಆಗ ಹಲ್ಲುಸೆಟ್ಟಿನಂಥ ಪ್ಲೇಟು, ಇಲ್ಲವೇ ಕಾಲಿನಿಂದಲೋ ಕೈಯಿಂದಲೋ ತಂದ ಮಾಂಸ ಬೇಕು.