ಆಯ್ದಕ್ಕಿ ಲಕ್ಕಮ್ಮನವರ ಎಚ್ಚರ

ನಿದ್ರಿಸದಿರುವುದೇ ಎಚ್ಚರವೆಂದು ಸಾಮಾನ್ಯರು ಬಗೆಯುವರು. ಶರಣರ ಪರಿಭಾಷೆಯಲ್ಲಿ ಎಚ್ಚರವೆಂದರೆ ಮರವೆಯ ಅಭಾವ. ಕಣ್ತೆರೆದಿದ್ದೂ, ಸತ್ಕಾರ್ಯದಲ್ಲಿದ್ದೂ ಮರವೆಗೆ ಸಂದವನನ್ನು ಎಬ್ಬಿಸುವುದು ಕಷ್ಟ. ಆ ಕಷ್ಟದ ಕಾರ್ಯವನ್ನು 12ನೆಯ ಶತಮಾನದ ಕಲ್ಯಾಣದಲ್ಲಿ ನಡೆಸಿದವರು ಆಯ್ದಕ್ಕಿ ಲಕ್ಕಮ್ಮನವರು.

ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರವು ಈ ದಂಪತಿಗಳ ಊರು. ಕಲ್ಯಾಣಕ್ಕೆ ಬಂದು ನೆಲಸಿದ ಮೇಲೆ, ಶರಣರ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕವಾಯಿತು. ಅದನ್ನು ಪಾಕಮಾಡಿ ಜಂಗಮಕ್ಕೆ ನೀಡಿ ಪ್ರಸಾದವನ್ನು ಸ್ವೀಕರಿಸುವುದು ಮನೆಯ ನೇಮ. ಕಾವೇರಿಯ ಕಾಲುವೆಗಳ ಕೆಳಗೆ ಭತ್ತ ಬೆಳೆಯುವ ಕೃಷ್ಣರಾಜನಗರ ಸೀಮೆಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಯ್ಲಾದ ಗದ್ದೆಯಲ್ಲಿ ಹಕ್ಕಲಾಯುವವರ ಮಡಿಲು ಸಂಜೆಗೆ ಎಷ್ಟು ತುಂಬೀತೆಂಬುದನ್ನು ಅವರು ಬಲ್ಲರು.

ಒಂದು ದಿನ ಮಾರಯ್ಯನವರು ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ, ಅನುಭಾವಗೋಷ್ಠಿಯ ಸವಿಯಲ್ಲಿ ಹೊತ್ತನ್ನೇ ಮರೆತರು. ಲಕ್ಕಮ್ಮನವರು ಕಾಯಕವು ನಿಂತಿತೆಂದು ನೆನಪಿಸಿ ಅವರನ್ನು ಎಬ್ಬಿಸಿದರು. ಮಾರಯ್ಯನವರೇನೂ ಜೂಜಿನ ಕಟ್ಟೆಯಲ್ಲಿ ಕುಳಿತಿರಲಿಲ್ಲ. ಸಾಕ್ಷಾತ್ ಪ್ರಭುಗಳ ಮುಂದೆ ಕುಳಿತಿದ್ದರು. ಆದರೂ ಅದು ಮರವೆಯೇ ಎಂದು ಆ ತಾಯಿ ಕಂಡರು. ಭಜನೆ, ಉಪನ್ಯಾಸಗಳ ನೆಪದಿಂದ ಹೊತ್ತು ಮೀರಿ ಮನೆಗೆ ಹೋಗುವ ನಮ್ಮ ಪುರುಷರಿಗೆ ಈ ಭಾಗವು ಅಷ್ಟಾಗಿ ಪ್ರಿಯವಲ್ಲ.

ಬಳಿಕ ನಡೆದುದು ಇನ್ನೂ ಸೂಕ್ಷ್ಮ. ಅವರ ನಿಷ್ಠೆಯನ್ನು ಅರಿಯಲೆಂದು ಬಸವಣ್ಣನವರು ಅಂಗಳದಲ್ಲಿ ಹೆಚ್ಚಾಗಿ ಅಕ್ಕಿಯನ್ನು ಚೆಲ್ಲಿಸಿದರೆಂದು ಸಂಪ್ರದಾಯ ಹೇಳುತ್ತದೆ. ಮಾರಯ್ಯನವರು ಹರ್ಷದಿಂದ ಆಯ್ದು ತಂದರು. ನೋಡಿದೊಡನೆಯೇ ನಿತ್ಯದ ಅಳತೆ ಮೀರಿತೆಂದು ಲಕ್ಕಮ್ಮನವರು ತಿಳಿದರು. ಕಳವಿಲ್ಲ, ಯಾಚನೆಯಿಲ್ಲ, ಕೈಯಾರೆ ಆಯ್ದುದೇ ಹೌದು; ಆದರೆ ಅಂದಿನ ಅಗತ್ಯವನ್ನು ಮಿಕ್ಕುದು ಆಸೆ, ಆಸೆ ಹೊಕ್ಕ ಅಕ್ಕಿ ಲಿಂಗಕ್ಕೆ ಸಲ್ಲದು. ಇದು ಪತಿಯ ಮನದ ಆಸೆಯೋ ಬಸವಣ್ಣನವರ ಸಂದೇಹವೋ ಎಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿದರು. ಬಿಜ್ಜಳನ ಭಂಡಾರಿಯ ಅಂಗಳದ ಔದಾರ್ಯವನ್ನು ಬಡವರ ಮನೆಯೊಂದು ಹಿಂದಿರುಗಿಸಿತು.

ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗವು ಇಲ್ಲಿಗೇ ಮುಗಿಯುವುದಿಲ್ಲ. ಮುಂದೆ ಮಾರಯ್ಯನವರು ಐಕ್ಯದ ನಿಲವನ್ನು ಕುರಿತು ಪತ್ನಿಯನ್ನೇ ಪ್ರಶ್ನಿಸುವರು, ಲಕ್ಕಮ್ಮನವರು ಬೋಧಿಸುವರು. ಅವರ 25 ವಚನಗಳು ದೊರೆತಿವೆ. ಅವುಗಳ ಅಂಕಿತದಲ್ಲಿ ಅಮರೇಶ್ವರಲಿಂಗವು ಮಾರಯ್ಯಪ್ರಿಯನಾಗಿಯೇ ಬರುತ್ತದೆ. ಬೋಧಿಸಿದವರು ತಮ್ಮ ಹೆಸರನ್ನು ಅದರಲ್ಲಿ ಇಡಲಿಲ್ಲ.